ಮುಚ್ಚಿದ ಬಾಗಿಲ ಕೆಳಗಿನ ತಂತಿ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವ ನಾನು. ಎದ್ದು ಹೋಗದ ದಿನ ಜಗಳ ಮಾಡುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾರಣ ಅದು ನನ್ನ ಕರ್ತವ್ಯ ಎಂದೇ ತಿಳಿದಿದ್ದೆ. "ಇವನ ಮುಂದ ದೇವರು ಬಂದು ನಿಂತ್ರೂ ಸರ್ಟಿಫಿಕೇಟ್ ಕೇಳತಾನ" ಎಂದು ಅವ್ವ ನಗುತ್ತಿದ್ದಳು. ಇಂಥವನು ಈ ಸಂಗತಿ ಬರೆಯಲು ಕೂತಿದ್ದೇನೆ. ನಂಬಿರಿ ಎಂದು ನಿಮಗೆ ಒತ್ತಾಯ ಮಾಡುವುದಿಲ್ಲ. ನನಗೇ ಇದನ್ನು ಪೂರ್ತಿ ನಂಬಲಾಗಿಲ್ಲ, ಕೈಬಿಡಲೂ ಆಗಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನವಲಗುಂದ ತಾಲೂಕಿನ ನಮ್ಮ ಊರಲ್ಲಿ ನಮ್ಮದು ಹಳೆಯ ಮಣ್ಣಿನ ಮಾಳಿಗೆಯ ಮನೆ. ಗೋಡೆಗಳು ಎಷ್ಟು ದಪ್ಪ ಎಂದರೆ ಈ ಕಡೆ ಡೊಳ್ಳು ಬಾರಿಸಿದರೂ ಆ ಕಡೆ ಮಲಗಿದವರ ನಿದ್ದೆ ಕೆಡುತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗಲೇ ಅಪ್ಪನಿಗೂ ದೊಡ್ಡಪ್ಪನಿಗೂ ಹಿಸೆಯಾಯಿತು. ಹೊಲ ಪಾಲಾಯಿತು, ಎತ್ತು ಪಾಲಾದವು, ಮನೆಯೂ ನಡುವೆ ಸೀಳಿ ಎರಡಾಯಿತು. ಎರಡೂ ಪಾಲನ್ನು ಕೂಡಿಸುತ್ತಿದ್ದ ಒಂದು ಒಳಬಾಗಿಲು ಉಳಿದಿತ್ತು. ದೊಡ್ಡಪ್ಪ ಅದಕ್ಕೆ ತನ್ನ ಕಡೆಯಿಂದ ಅಗಳಿ ಹಾಕಿ, "ನಾ ಸತ್ತ ಮ್ಯಾಲ ಬೇಕಾದ್ರ ತಗೀರಿ" ಅಂದನಂತೆ. ಅಲ್ಲಿಂದ ಅಣ್ಣತಮ್ಮಂದಿರ ಮಾತು ಬಂದ್. ನಮ್ಮ ತಲಬಾಗಿಲು ಮುಂದಿನ ಓಣಿಗೆ, ಅವರದು ಹಿಂದಿನ ಓಣಿಗೆ. ಎಲ್ಲಿಯಾದರೂ ಎದುರಾದರೆ ಒಬ್ಬರು ಆಕಾಶ ನೋಡುವರು, ಇನ್ನೊಬ್ಬರು ನೆಲ ನೋಡುವರು. ಹೆಂಗಸರು ಮಾತ್ರ ಹಿತ್ತಲ ಗೋಡೆಯ ಮೇಲಿಂದ ಉಪ್ಪಿನಕಾಯಿ ದಾಟಿಸುತ್ತಿದ್ದರು. ಗಂಡಸರು ಅದನ್ನು ತಿನ್ನುತ್ತಿದ್ದರು, ಎಲ್ಲಿಂದ ಬಂತೆಂದು ಕೇಳುತ್ತಿರಲಿಲ್ಲ.

ದೊಡ್ಡಪ್ಪನ ಮಗ ಗುರುಪಾದ ನನ್ನ ವಾರಿಗೆಯವ. ಹಿರಿಯರ ಸಿಟ್ಟು ನಮ್ಮಿಬ್ಬರಿಗೆ ತಟ್ಟಿರಲಿಲ್ಲ. ಅವನು ಹುಬ್ಬಳ್ಳಿಯಲ್ಲಿ ರೇಡಿಯೊ, ಟಿ.ವಿ. ದುರಸ್ತಿ ಕಲಿತು ಬಂದಿದ್ದ. ಅವರ ಮನೆಯಲ್ಲಿ ಅವನು ಬಿಚ್ಚದೆ ಬಿಟ್ಟ ಸಾಮಾನು ಇರಲಿಲ್ಲ. ಒಂದು ಸಂಜೆ ಹುಬ್ಬಳ್ಳಿ ಬಸ್ಸಿನಿಂದ ಇಳಿದವನ ಕಂಕುಳಲ್ಲಿ ಚಾದರದಲ್ಲಿ ಸುತ್ತಿದ ಎರಡು ಡಬ್ಬಿಗಳಿದ್ದವು. ಟಿ.ವಿ.ಗೆ ಜೋಡಿಸಿ ನಡೆಸುವ ಪುಟ್ಟ ಕಂಪ್ಯೂಟರುಗಳು. ಯಾರೋ ಸಿರಿವಂತರ ಮಕ್ಕಳು ಆಡಿ ಬೇಸತ್ತು ಬಿಟ್ಟದ್ದಂತೆ. ಕ್ಯಾಸೆಟ್ಟಿನಿಂದ ಪ್ರೋಗ್ರಾಮು ತುಂಬಬೇಕು. ಕರೆಂಟು ಹೋಯಿತೋ ತುಂಬಿದ್ದೆಲ್ಲ ಅಳಿಸಿ ಹೋಗುವುದು. ಗುರುಪಾದ ಲಾರಿಯ ಹಳೆಯ ಬ್ಯಾಟರಿ ಜೋಡಿಸಿ ಅವು ಹಗಲೂ ರಾತ್ರಿ ಆರದಂತೆ ಮಾಡಿದ. ಒಂದನ್ನು ತಾನಿಟ್ಟುಕೊಂಡು, ಒಂದನ್ನು ಹಳೆಯ ಸಣ್ಣ ಟಿ.ವಿ.ಯ ಸಮೇತ ನನಗೆ ಕೊಟ್ಟ.

ನಾನು ಅದನ್ನು ಇಟ್ಟ ಕೋಣೆಯ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಜೋಳ, ಕಡಲೆ ಒಟ್ಟುವ ದೊಡ್ಡ ಕಾಳಿನ ಕೋಣೆಯಿತ್ತು. ಅದರ ಹಿಂದೆ ಒಂದು ಗೂಡಿನಂಥ ಕೋಣೆ. ಕಾಳಿನ ಕೋಣೆ ದಾಟಿಯೇ ಅದಕ್ಕೆ ಹೋಗಬೇಕು. ಧೂಳಿಲ್ಲ, ಬೇಸಿಗೆಯಲ್ಲೂ ತಂಪು, ಕಿಟಕಿ ಇಲ್ಲ. ಅದರ ಹಿಂಬದಿಗೇ ಆ ಮುಚ್ಚಿದ ಬಾಗಿಲು, ಬಾಗಿಲಾಚೆ ಗುರುಪಾದನ ಕೋಣೆ. ಹೊಸ್ತಿಲ ಕೆಳಗೆ ಇಲಿ ಕೊರೆದ ತೂತಿತ್ತು. ಅದರಲ್ಲಿ ನಾವು ತಂತಿ ತೂರಿಸಿ ಎರಡೂ ಯಂತ್ರಗಳನ್ನು ಜೋಡಿಸಿದೆವು. ಮನುಷ್ಯರು ದಾಟದ ಹೊಸ್ತಿಲನ್ನು ತಂತಿ ದಾಟಿತು ಎಂದು ನಮಗೆ ಒಳಗೊಳಗೇ ಹಿಗ್ಗು.

ಇಲ್ಲಿ ಕೂತು ಅವನ ಯಂತ್ರದೊಳಗೆ ಹೋಗುವುದು, ಅದರಲ್ಲಿದ್ದುದನ್ನು ಓದುವುದು, ಅಲ್ಲಿ ಅಕ್ಷರ ಮೂಡಿಸುವುದು, ಇದೇ ನಮ್ಮ ಆಟ. ಆದರೆ ಗುರುಪಾದ ಹುಟ್ಟಾ ಸಂಶಯದ ಪ್ರಾಣಿ. ನಾನು ಒಳಗೆ ಹೋಗಲು ನೋಡಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ "ಯಾರು?" ಎಂದು ಬರುವಂತೆ ಮಾಡಿದ್ದ. ಗುಟ್ಟಿನ ಪದ ಬರೆದರೆ "ಬಾ" ಎನ್ನುವುದು. ತಪ್ಪಿದರೆ ಮತ್ತೆ "ಯಾರು?" ಆ ಪದವನ್ನು ಅವನು ದಿನಾ ಬದಲಿಸುವನು, ಹೇಳಲು ಮರೆಯುವನು. ನಾನು ಸುತ್ತು ಹಾಕಿ ಹಿಂದಿನ ಓಣಿಗೆ ಹೋಗಿ, "ಗುರುಪಾದಾ, ಇವತ್ತ ಬದನಿಕಾಯೋ ಸವತಿಕಾಯೋ?" ಎಂದು ಕೂಗಬೇಕು. ಹಿಸೆಯಾದ ತಮ್ಮನ ಮಗ, ಅದೂ ಮಾಸ್ತರ, ಬೀದಿಯಲ್ಲಿ ನಿಂತು ಕಾಯಿಪಲ್ಯೆಯ ಹೆಸರು ಒದರುವುದನ್ನು ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಕೇಳುವನು. ಮುಖ ತಿರುವುವನು.

ಒಂದು ದಿನ ನನಗೆ ರೇಗಿತು. "ಮನಿಯವರು ಬಂದ್ರ ಯಾರಾದ್ರೂ ಯಾರು ಅಂತ ಕೇಳತಾರೇನಲೇ?" ಅಂದೆ. ನಮ್ಮ ಕಡೆ ಪರರು ಮನೆಗೆ ಬಂದರೆ ಹೊರಗೆ ನಿಂತು "ಅದೀರೇನ್ರಿ?" ಅನ್ನುತ್ತಾರೆ, ಒಳಗಿನವರು "ಯಾರು?" ಅನ್ನುತ್ತಾರೆ. ಮನೆಯವರು ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ನಡೆಯುತ್ತಾರೆ. ಗುರುಪಾದನಿಗೆ ಈ ಮಾತು ನಾಟಿತು. ಬಹಳ ತಲೆ ಕೆಡಿಸಿಕೊಂಡು ಹೊಸ ಪ್ರೋಗ್ರಾಮು ಬರೆದ. ಎರಡೂ ಯಂತ್ರದಲ್ಲಿ ಒಂದೇ ಉದ್ದನೆಯ ಸಂಖ್ಯೆ ಅಡಗಿಸಿಟ್ಟ. ನಾನು ಬಾಗಿಲು ತಟ್ಟಿದರೆ ಅವನ ಯಂತ್ರ ಆ ಸಂಖ್ಯೆಯ ಮೇಲೆ ಒಂದು ಲೆಕ್ಕ ಕೇಳುವುದು, ನನ್ನ ಯಂತ್ರ ತಾನೇ ಉತ್ತರ ಕೊಡುವುದು. ನಮಗೆ ಏನೂ ಕೆಲಸವಿಲ್ಲ. ನೇರ "ಬಾ" ಎಂದೇ ಬರುತ್ತಿತ್ತು. "ಯಾರು?" ಎಂದು ಕೇಳುವ ಭಾಗವನ್ನು ನನ್ನ ಕಣ್ಣೆದುರೇ ಅಳಿಸಿ ಹಾಕಿದ. ಹಾಗೆ ನಡೆದು ಬಹಳ ದಿನವಾಗಿ ಹಳೆಯ ಪದಗಳು ನನಗೆ ಬಹುಪಾಲು ಮರೆತು ಹೋಗಿದ್ದವು.

ಇನ್ನು ಆ ದಿನದ ವಿಷಯ. ಬೇಸಿಗೆ ರಜೆ. ಕುಂದಗೋಳದಲ್ಲಿ ನಮ್ಮ ಸೋದರಮಾವನ ಮಗಳ ಮದುವೆ. ಮನೆಮಂದಿಯೆಲ್ಲ ಹೊರಟಿದ್ದರು. ಹಿತ್ತಲ ಸ್ನೇಹದ ಮೇಲೆ ದೊಡ್ಡಮ್ಮನೂ ಹೊರಟಿದ್ದಳು, ದೊಡ್ಡಪ್ಪ ಮಾತ್ರ ಒಲ್ಲೆ ಎಂದಿದ್ದ. ನಾನು ಎಲ್ಲರಿಗಿಂತ ಮುಂಚೆ ಮೊದಲ ಬಸ್ಸಿಗೆ ಹೋಗಿ ಅಲ್ಲಿ ಅಡಿಗೆಯವರನ್ನು ನೋಡಿಕೊಳ್ಳಬೇಕೆಂದು ಮಾತಾಗಿತ್ತು. ಹಾಗೆಂದೇ ಬೇಗ ಎದ್ದು ಹೊರಗೆ ಅಡ್ಡಾಡಿ ಬಂದೆ. ಬಸ್ಸಿಗೆ ಇನ್ನೂ ಹೊತ್ತಿದೆ, ಒಂದು ಸಣ್ಣ ಪ್ರಯೋಗ ನೋಡಿಬಿಡೋಣ ಎಂದು ಒಳಗೆ ಹೋದೆ. ತಲಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದು ಚೆನ್ನಾಗಿ ನೆನಪಿದೆ, ಎಡಗಾಲಿನದು ಹಿಂದಿನ ದಿನವಷ್ಟೇ ಕೆಂಪು ದಾರದಲ್ಲಿ ಹೊಲಿಸಿದ್ದು. ಕೋಣೆಯ ಬಾಗಿಲು ಎಳೆದುಕೊಂಡು ಕೂತೆ. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದೆ. ತಂಪು ನೆಲ. ಒರಗಿದವನಿಗೆ ಹಾಗೇ ನಿದ್ದೆ ಬಂತು.

ಮನೆ ಖಾಲಿಯಾಗುವ ದಿನ ನೋಡಿ ಕಾಳಿಗೆ ಗುಳಿಗೆ ಇಡುವುದು ನಮ್ಮಲ್ಲಿ ರೂಢಿ. ನುಸಿ ಸಾಯಲು ಇಡುವ ವಿಷದ ಗುಳಿಗೆ. ಅರಿವೆಯಲ್ಲಿ ಕಟ್ಟಿ ಚೀಲಗಳ ನಡುವೆ ಆಳಕ್ಕೆ ತುರುಕಿ, ಮೂಗಿಗೆ ಹೆಗಲ ಮೇಲಿನ ವಲ್ಲಿ ಹಿಡಿದು ಓಡಿ ಹೊರಗೆ ಬರುತ್ತಾರೆ. ಮೇಲಿನ ಬೆಳಕಿಂಡಿಗೆ ಕಲ್ಲು ಮುಚ್ಚುತ್ತಾರೆ. ಬಾಗಿಲಿಗೆ ಕೀಲಿ ಹಾಕಿ, ಸಂದಿಗೆಲ್ಲ ಮಣ್ಣು ಸಗಣಿ ಕಲಸಿ ಮೆತ್ತುತ್ತಾರೆ. ಗಾಳಿ ಹೊರಬರಬಾರದು. ಇದಕ್ಕೂ ಮುಂಚೆ ಅಪ್ಪ ತಪ್ಪದೆ ಒಂದು ಕೆಲಸ ಮಾಡುತ್ತಿದ್ದ: ತಲಬಾಗಿಲಿಗೆ ಹೋಗಿ ಚಪ್ಪಲಿ ನೋಡುವುದು. ಯಾರು ಮನೆಯಲ್ಲಿದ್ದಾರೆ, ಯಾರಿಲ್ಲ ಎಂಬುದಕ್ಕೆ ನಮ್ಮಲ್ಲಿ ಅದೇ ಗುರುತು. ಚಪ್ಪಲಿ ಇದ್ದವನ ಹೆಸರು ಕೂಗಿ, ಅವನು ಓ ಎಂದ ಮೇಲೆಯೇ ಬಾಗಿಲು ಮುಚ್ಚುವುದು.

ಎಚ್ಚರಾದಾಗ ಮಧ್ಯಾಹ್ನವಾಗಿರಬೇಕು, ಮನೆ ನಿಶ್ಶಬ್ದವಾಗಿತ್ತು. ಕಾಳಿನ ಕೋಣೆಗೆ ಬಂದೆ, ಅಗದಿ ಕತ್ತಲೆ. ಬಾಗಿಲು ಎಳೆದರೆ ಅಲ್ಲಾಡಲಿಲ್ಲ. ಹಸಿ ಸಗಣಿಯ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು, ಕೊಳೆತ ಬೆಳ್ಳುಳ್ಳಿಯಂಥದು. ಆಗ ನನಗೆ ತಿಳಿಯಿತು. ಗುಳಿಗೆ ಇಟ್ಟು ಬಾಗಿಲು ಮೆತ್ತಿಯಾಗಿತ್ತು.

ಗುದ್ದಿದೆ, ಒದ್ದೆ, ಅವ್ವಾ ಅಪ್ಪಾ ಎಂದು ಕೂಗಿದೆ. ಎಲ್ಲ ಮದುವೆಗೆ ಹೋಗಿಯಾಗಿತ್ತು. ಅವರ ಲೆಕ್ಕದಲ್ಲಿ ನಾನು ಕುಂದಗೋಳದಲ್ಲಿದ್ದೆ. ಗುಳಿಗೆ ತೆಗೆದು ಹಾಕೋಣವೆಂದರೆ ಯಾವ ಚೀಲದ ಬುಡದಲ್ಲಿ ಎಂದು ಹುಡುಕುವುದು? ನಾಲ್ಕು ಚೀಲ ಎಳೆಯುವಷ್ಟರಲ್ಲಿ ತಲೆ ತಿರುಗಿತು. ಹಿಂದಿನ ಕೋಣೆಗೆ ಓಡಿ ಬಂದು ಬಾಗಿಲು ಮುಚ್ಚಿ, ಸಂದಿಗೆ ನನ್ನ ಅಂಗಿ, ಧೋತರ ತುರುಕಿದೆ. ನಂತರ ಆ ಹಳೆಯ ಬಾಗಿಲನ್ನು ಗುದ್ದತೊಡಗಿದೆ. ತೇಗದ ಬಾಗಿಲು. ಆಚೆ ಗುರುಪಾದನ ಕೋಣೆ, ಅದರಾಚೆ ನಡುಮನೆ, ಅದರಾಚೆ ಪಡಸಾಲೆಯಲ್ಲಿ ದೊಡ್ಡಪ್ಪ ಮಧ್ಯಾಹ್ನದ ನಿದ್ದೆಯಲ್ಲಿರುತ್ತಾನೆ. ಅವನ ಕಿವಿಯೂ ಅಷ್ಟಕ್ಕಷ್ಟೆ. ಗುರುಪಾದ ಇದ್ದಿದ್ದರೆ ಇಷ್ಟು ಹೊತ್ತಿಗೆ ಓಗೊಡುತ್ತಿದ್ದ. ಎರಡೂ ಕಡೆ ಬಾಗಿಲಿದ್ದು ಎರಡೂ ತೆರೆಯದ ಕೋಣೆಯಲ್ಲಿ ಕೂತಿದ್ದೆ. ಜೀವ ಹೋಗುವುದಾದರೆ ಹೀಗೆಯೇ ಹೋಗುತ್ತದೆ ಅನ್ನಿಸಿ ಸಣ್ಣ ಮಗುವಿನಂತೆ ಅತ್ತೆ. ಹೇಳಲು ನಾಚಿಕೆಯಿಲ್ಲ.

ಆಗ ಕತ್ತಲಲ್ಲಿ ಮಿನುಗುತ್ತಿದ್ದ ಕಂಪ್ಯೂಟರಿನ ಪರದೆ ಕಣ್ಣಿಗೆ ಬಿತ್ತು. ಗುರುಪಾದನ ಯಂತ್ರ ಯಾವಾಗಲೂ ಚಾಲೂ ಇರುತ್ತದೆ. ಒಳಗೆ ಹೋಗಿ ಅದರಿಂದ ಪೀಂ ಪೀಂ ಸದ್ದು ಹೊರಡಿಸಿದರೆ ದೊಡ್ಡಪ್ಪನಿಗೆ ಕೇಳಿಸಿದರೂ ಕೇಳಿಸಬಹುದು. ಅಕ್ಷರದ ಕೀಲಿ ಒತ್ತಿದೆ. "ಬಾ" ಎಂದು ಬರಬೇಕಿತ್ತು.

"ಯಾರು?" ಎಂದು ಬಂತು.

ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಈ ಗುರುಪಾದನ ಸಂಶಯದ ಬುದ್ಧಿಗೆ ಬೆಂಕಿ ಬೀಳಲಿ, ನನಗೆ ಹೇಳದೆ ಮತ್ತೆ ಹಳೆಯದನ್ನು ಕೂರಿಸಿದ್ದಾನೆ ಎಂದುಕೊಂಡೆ. ನೆನಪಿದ್ದ ಪದಗಳನ್ನೆಲ್ಲ ಬರೆದೆ. ಬದನೆಕಾಯಿ ಬರೆದೆ, ಸೌತೆಕಾಯಿ ಬರೆದೆ, ಅವನ ಎತ್ತಿನ ಹೆಸರು ಬರೆದೆ. ಪ್ರತಿ ಸಲವೂ "ಯಾರು?" ನನ್ನ ಹೆಸರು ಬರೆದೆ. "ಯಾರು?" ಅಪ್ಪನ ಹೆಸರು ಬರೆದೆ. "ಯಾರು?" ಎದೆ ಬಿಗಿಯುತ್ತಿತ್ತು, ವಾಂತಿ ಒತ್ತರಿಸುತ್ತಿತ್ತು, ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದವು. ಇಡೀ ಜಗತ್ತಿನಲ್ಲಿ ನನ್ನ ಜೊತೆ ಮಾತಾಡುತ್ತಿದ್ದುದು ಅದೊಂದೇ, ಅದಕ್ಕೂ ನನ್ನ ಗುರುತಿಲ್ಲ. ಕೊನೆಗೆ, ಯಾಕೆ ಬರೆದೆನೋ ತಿಳಿಯದು, "ಮನಿಯವಾ" ಎಂದು ಬರೆದೆ.

ಪರದೆ ಖಾಲಿಯಾಯಿತು. ಆಮೇಲೆ "ಬಾ" ಎಂದು ಬಂತು.

ಸದ್ದು ಮಾಡಿಸುವ ವಿಧಾನ ಆಗ ನನಗೆ ಹೊಳೆಯಲಿಲ್ಲ. ತಲೆ ಓಡುತ್ತಿರಲಿಲ್ಲ. "ದೊಡ್ಡಪ್ಪಾ ಬಾಗಲಾ ತಗೀ" ಎಂದಷ್ಟೇ ಬರೆದು ನೆಲಕ್ಕೆ ಮುಖ ಹಚ್ಚಿ ಮಲಗಿಬಿಟ್ಟೆ. ಎಷ್ಟು ಹೊತ್ತು ಹೋಯಿತೋ ಗೊತ್ತಿಲ್ಲ. ತಲೆಯ ಹಿಂದೆ ಮರ ನರಳುವ ಸದ್ದಾಯಿತು. ಅಷ್ಟು ವರ್ಷ ಅಲುಗದಿದ್ದ ಅಗಳಿ ಸರಿಯುತ್ತಿತ್ತು. ಬಾಗಿಲು ತೆರೆಯಿತು, ಬೆಳಕು ಬಂತು, ಎರಡು ಕೈ ನನ್ನ ರಟ್ಟೆ ಹಿಡಿದು ಎಳೆದವು. "ಲೇ, ಏನಾತಲೇ ನಿನಗ, ಕಣ್ಣ ತಗೀಲೇ" ಎಂದು ದೊಡ್ಡಪ್ಪ ಒದರುತ್ತಿದ್ದ. ಅವನು ನನ್ನ ಜೊತೆ ಮಾತಾಡಿದ್ದು ನನಗೆ ಬುದ್ಧಿ ತಿಳಿದ ಮೇಲೆ ಅದೇ ಮೊದಲು.

ಹಿತ್ತಲಲ್ಲಿ ಗಾಳಿಗೆ ಮಲಗಿಸಿ, ತಲೆಗೆ ನೀರು ತಟ್ಟಿ, ತನ್ನ ಧೋತರ ಉಡಿಸಿ, ನವಲಗುಂದದ ದವಾಖಾನೆಗೆ ಒಯ್ಯಲು ಯಾರದೋ ಟ್ರ್ಯಾಕ್ಟರ್ ಗೊತ್ತು ಮಾಡಿದ. ನನ್ನ ಹೆಗಲಿಗೆ ಕೈ ಕೊಟ್ಟು ತನ್ನ ತಲಬಾಗಿಲಿಗೆ ಕರೆತಂದ. ಬರಿಗಾಲಲ್ಲಿ ಹೊಸ್ತಿಲು ದಾಟುವಾಗ, "ಅಲ್ಲೇ ಬಿಟ್ಟೀಯಲ್ಲ, ಹಾಕ್ಕೊ" ಅಂದ. ಕಾಲ ಬಳಿ ಚಪ್ಪಲಿ ಇದ್ದವು. ಮೆಟ್ಟಿಕೊಂಡು ಟ್ರ್ಯಾಕ್ಟರ್ ಹತ್ತಿದೆ.

ದವಾಖಾನೆಯಲ್ಲಿ ಸೂಜಿ ಚುಚ್ಚಿಸಿಕೊಂಡು, ಮೈ ಸ್ವಲ್ಪ ಹಗುರಾದ ಮೇಲೆ ನಾನು ಕೇಳಿದೆ, "ದೊಡ್ಡಪ್ಪಾ, ಗುರುಪಾದನ ಮಷೀನಿನ ಸದ್ದು ಕೇಳಿಸಿತೇನು? ಹ್ಯಾಂಗ ಗೊತ್ತಾತು?"

ಅವನು ನನ್ನನ್ನೇ ಮಿಕಿಮಿಕಿ ನೋಡಿದ. "ಯಾವ ಮಷೀನಲೇ? ನೀನಽ ಬಂದು ಕರದ್ಯಲ್ಲ."

ಅವನು ಹೇಳಿದ್ದು ಇಷ್ಟು. ಪಡಸಾಲೆಯಲ್ಲಿ ಒರಗಿದ್ದನಂತೆ, ನಿದ್ದೆ ಹತ್ತಿರಲಿಲ್ಲವಂತೆ. ನಾನು ಚಪ್ಪಲಿ ಬಿಟ್ಟು ನೇರ ಒಳಗೆ ಬಂದೆನಂತೆ. ಬಿಸಿಲಿನಿಂದ ಬಂದ ಆಕಾರ, ಮುಖ ಕಾಣಲಿಲ್ಲ. ಅವನು "ಯಾರು?" ಎಂದು ಕೇಳಿದ. ಮಾತಿಲ್ಲ. ಮತ್ತೆ ಕೇಳಿದ, ಮತ್ತೆ ಮತ್ತೆ ಕೇಳಿದ. ಕೊನೆಗೆ ನಾನು "ಮನಿಯವಾ" ಅಂದೆನಂತೆ. "ದೊಡ್ಡಪ್ಪಾ, ಬಾಗಲಾ ತಗೀ" ಎಂದು ನಡುಮನೆ ದಾಟಿ ಗುರುಪಾದನ ಕೋಣೆಯೊಳಗೆ ಹೋದೆನಂತೆ. ಹಿಂದೆಯೇ ಅವನೂ ಹೋದ. ಕೋಣೆಯಲ್ಲಿ ಯಾರೂ ಇರಲಿಲ್ಲ, ಎದುರಿಗೆ ಅಗಳಿ ಹಾಕಿದ ಬಾಗಿಲು.

"ಹೊರಗ ನಿಂತು ಒದರಿದ್ರ ನಾ ಏಳತಿದ್ದಿಲ್ಲ ನೋಡು" ಅಂದ ದೊಡ್ಡಪ್ಪ. "ಮನಿಯವರಂಗ ಒಳಗ ಬಂದಿ. ಮನಿಯವಾ ಅಂದಿ. ಅದಕ್ಕಽ ತಗದೆ." ಇಷ್ಟು ಹೇಳಿ ವಲ್ಲಿಯಿಂದ ಕಣ್ಣೊರೆಸಿಕೊಂಡ.

ಸಂಜೆ ಗುರುಪಾದ ದವಾಖಾನೆಗೆ ಓಡಿಬಂದ. ಅವನ ಕೈಹಿಡಿದು ಮೊದಲು ಕೇಳಿದ್ದೇ, ಆ "ಯಾರು?" ಅನ್ನುವುದನ್ನು ಮತ್ತೆ ಯಾಕೆ ಹಾಕಿದೆ ಎಂದು. ತಾನು ಹಾಕೇ ಇಲ್ಲ ಎಂದ. ಹಿಂದಿನ ರಾತ್ರಿ ಅವನ ಯಂತ್ರದ ಒಂದು ಅಕ್ಷರದ ಕೀಲಿ ಸಿಕ್ಕಿಬಿದ್ದಿತ್ತಂತೆ. ಬೆಳಿಗ್ಗೆ ಅದನ್ನು ಚಾದರದಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಒಯ್ದಿದ್ದ. ನಾನು ಮದುವೆಗೆ ಹೋಗಿದ್ದೇನೆಂದು ತಿಳಿದು ನನಗೆ ಹೇಳಲು ಬಂದಿರಲಿಲ್ಲ. ನಾನು ಇಲ್ಲಿ ಪದ ಹುಡುಕುತ್ತ ಸಾಯುತ್ತಿದ್ದಾಗ ಅದು ಅಲ್ಲಿ ಅಂಗಡಿಯ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಅವನ ಕೋಣೆಯಲ್ಲಿದ್ದದ್ದು ತಂತಿಯ ಬರಿಯ ತುದಿ. ಇಲಿ ಕಡಿಯಬಾರದೆಂದು ಪ್ಲಾಸ್ಟಿಕ್ ಸುತ್ತಿ ಮೊಳೆಗೆ ತೂಗುಹಾಕಿದ್ದ. ಮರುದಿನ ನಾನೇ ನೋಡಿದೆ, ಗಂಟು ಬಿಚ್ಚಿರಲಿಲ್ಲ.

ರಾತ್ರಿ ಸುದ್ದಿ ತಿಳಿದು ಅಪ್ಪ ಕುಂದಗೋಳದಿಂದ ಬಂದ. ನನ್ನ ಕಾಲು ಹಿಡಿದು, ಹುಚ್ಚು ಹಿಡಿದವರಂತೆ ಒಂದೇ ಮಾತು ಹೇಳುತ್ತಿದ್ದ: "ನಾ ನೋಡಿದ್ನೋ ಯಪ್ಪಾ. ಮಣ್ಣ ಮೆತ್ತೂ ಮುಂಚೆ ನೋಡಿದ್ನಿ. ಬಾಗಲದಾಗ ನಿನ್ನ ಚಪ್ಲಿ ಇದ್ದಿಲ್ಲ." ನಾನು ಮಂಚದ ಕೆಳಗೆ ಬಗ್ಗಿ ನೋಡಿದೆ. ದೊಡ್ಡಪ್ಪನ ತಲಬಾಗಿಲಲ್ಲಿ ನಾನು ಮೆಟ್ಟಿದ ಚಪ್ಪಲಿಗಳು ಅಲ್ಲಿದ್ದವು. ಎಡಗಾಲಿನದಕ್ಕೆ ಕೆಂಪು ದಾರದ ಹೊಲಿಗೆ.

ದವಾಖಾನೆಯ ಡಾಕ್ಟರು, ವಿಷದ ಗಾಳಿ ತಲೆಗೇರಿದರೆ ಇಲ್ಲದ್ದೆಲ್ಲ ಕಾಣುತ್ತದೆ ಎಂದರು. ಇರಬಹುದು. ಪರದೆಯ ಮೇಲಿನ ಅಕ್ಷರ ನನ್ನ ತಲೆಯೊಳಗಿನದೇ ಆಗಿರಬಹುದು. ನಾನು ಗುದ್ದಿದ ಸದ್ದು ದೊಡ್ಡಪ್ಪನ ಅರೆನಿದ್ದೆಯಲ್ಲಿ ಕನಸಾಗಿರಬಹುದು. ಆದರೆ ನಾನು ಬರೆದ ಮಾತೇ ಅವನ ಕನಸಿಗೆ ಹೇಗೆ ಹೋಯಿತು? ಚಪ್ಪಲಿಗಳು ಇಡೀ ಮನೆ ಸುತ್ತಿ ಹಿಂದಿನ ಓಣಿಗೆ ಹೇಗೆ ಹೋದವು? ನಾಯಿ ಕಚ್ಚಿಕೊಂಡು ಹೋಯಿತೆನ್ನೋಣ. ಜೋಡಿಯಾಗಿ, ಒಪ್ಪವಾಗಿ ಬಿಡುವ ನಾಯಿಯನ್ನು ನಾನು ಕಂಡಿಲ್ಲ.

ಮರುದಿನ ಮೆತ್ತಿದ ಮಣ್ಣು ಕಿತ್ತು, ಗಾಳಿಯಾಡಿಸಿದ ಮೇಲೆ ಅಪ್ಪ ಹಿಂದಿನ ಕೋಣೆಗೆ ಹೋಗಿ ತೆರೆದ ಬಾಗಿಲ ಈಚೆಗೇ ನಿಂತಿದ್ದ. ಹೊಸ್ತಿಲು ದಾಟಲು ಧೈರ್ಯವಿಲ್ಲ, ತಿರುಗಿ ಹೋಗಲು ಮನಸ್ಸಿಲ್ಲ. ಆಚೆಯಿಂದ ದೊಡ್ಡಪ್ಪ ನೋಡಿದ. "ಬಾ" ಅಂದ. ಆ ಬಾಗಿಲಿಗೆ ಮುಂದೆ ಯಾರೂ ಅಗಳಿ ಹಾಕಲಿಲ್ಲ. ದೊಡ್ಡಪ್ಪ ತೀರಿಕೊಂಡಾಗ ಅವನ ತಲೆಯ ಬಳಿ ಇಡೀ ದಿನ ಕೂತವನು ಅಪ್ಪನೇ. ಊರವರು, ದೇವರು ದೊಡ್ಡವನು, ನಿನ್ನ ನೆವದಿಂದ ಮನೆ ಒಂದಾಯಿತು ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.

ನನ್ನನ್ನು ಕಾಡುವುದು ಬೇರೆ. ದೊಡ್ಡಪ್ಪನ ಮನೆಗೆ ನನ್ನಂತೆ ಹೋದದ್ದು ಯಾರೋ ಏನೋ, ಅದು ನನ್ನ ಜೀವ ಉಳಿಸಿತು, ಸರಿ. ಆದರೆ ಅಪ್ಪ ಮಣ್ಣು ಮೆತ್ತಿದ್ದು ಬೆಳಿಗ್ಗೆ. ಚಪ್ಪಲಿ ಆಗಲೇ ನಮ್ಮ ಬಾಗಿಲಲ್ಲಿರಲಿಲ್ಲ. ಅವು ಅಲ್ಲೇ ಇದ್ದಿದ್ದರೆ ಅಪ್ಪ ಕೂಗುತ್ತಿದ್ದ, ನಾನು ಎದ್ದು ಬರುತ್ತಿದ್ದೆ, ಬಾಗಿಲು ಮುಚ್ಚುತ್ತಲೇ ಇರಲಿಲ್ಲ. ಹಾಗಾದರೆ ನನ್ನನ್ನು ಹೊರಗೆ ತೆಗೆಸಿದ್ದು ಯಾವುದೋ, ಒಳಗೆ ಹಾಕಿಸಿದ್ದೂ ಅದೇ ಎನ್ನಬೇಕಾಗುತ್ತದೆ. ಇಲ್ಲಿಗೆ ಬಂದಾಗ ನನ್ನ ಬುದ್ಧಿ ನಿಲ್ಲುತ್ತದೆ. ಇವತ್ತಿಗೂ ಯಾರ ಮನೆಗೆ ಹೋದರೂ ಚಪ್ಪಲಿಯನ್ನು ನನ್ನ ಕಣ್ಣಿಗೆ ಕಾಣುವಲ್ಲೇ ಬಿಡುತ್ತೇನೆ, ಮಾತಿನ ನಡುವೆ ಎರಡು ಸಲವಾದರೂ ತಿರುಗಿ ನೋಡುತ್ತೇನೆ.